ಕೈಗೆಟುಕದಷ್ಟು ಬೆಳೆದ ದಾಸವಾಳ, ಕರಿಬೇವನ್ನು ತಗ್ಗಿಸಿ ಪೊದೆಯಾಗಿ ಬೆಳೆಸುವುದು ಹೇಗೆ?

ಪ್ರಶ್ನೆ: ಹಾಸನದ ಹಿತ್ತಲು

ಎಲ್ಲರಿಗೂ ನಮಸ್ಕಾರ. ಹಾಸನ ನಗರದಲ್ಲಿರುವ ನಮ್ಮ ಮನೆಯ ಹಿಂದೆ ಹತ್ತಡಿ ಅಗಲದ ಉದ್ದನೆಯ ಹಿತ್ತಲಿದೆ. ಅದರಲ್ಲಿ ನನ್ನ ತಾಯಿ ಹದಿನೈದು ವರ್ಷಗಳ ಹಿಂದೆ ನೆಟ್ಟ ಒಂದು ಕೆಂಪು ದಾಸವಾಳವೂ ಒಂದು ಕರಿಬೇವೂ ಇವೆ. ದಾಸವಾಳ 12 ಅಡಿ ದಾಟಿದೆ, ಕರಿಬೇವು ಅದಕ್ಕಿಂತಲೂ ಎರಡಡಿ ಹೆಚ್ಚು. ಎರಡಕ್ಕೂ ಬುಡದಿಂದ ತಲೆಯ ಮಟ್ಟದವರೆಗೆ ಎಲೆಯೇ ಇಲ್ಲ. ಬೋಳು ಕಾಂಡದ ಮೇಲೆ ಛತ್ರಿ ಬಿಚ್ಚಿಟ್ಟಂತೆ ತುದಿಯ ಮೂರಡಿಯಲ್ಲಿ ಮಾತ್ರ ಹಸಿರಿದೆ. ತಾಯಿಗೆ ಈಗ ಎಪ್ಪತ್ತರ ಹತ್ತಿರ. ಬೆಳಗಿನ ಪೂಜೆಗೆ ದೋಟಿ ಹಿಡಿದು ಹೂ ಎಳೆಯುತ್ತಾರೆ. ಅರ್ಧ ಹೂಗಳು ದಳ ಹರಿದು ಕೆಳಗೆ ಬೀಳುತ್ತವೆ, ಉಳಿದವು ಕಾಂಪೌಂಡಿನ ಆಚೆ ಬೀಳುತ್ತವೆ.

ಗಿಡಗಳನ್ನು ತಗ್ಗಿಸಬೇಕೆಂಬ ಆಸೆ ಇದ್ದರೂ ಕೈ ಹಾಕಲು ಭಯವಿದೆ, ಅದಕ್ಕೊಂದು ಕಾರಣವೂ ಇದೆ. ಕಳೆದ ಆಗಸ್ಟ್ ತಿಂಗಳಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನ ಕೆಲಸದವರನ್ನು ಕರೆಸಿ, ಅದೇ ಸಾಲಿನಲ್ಲಿದ್ದ ನುಗ್ಗೆ ಮರವನ್ನು ಸೊಂಟದ ಎತ್ತರಕ್ಕೆ ಕಡಿಸಿದೆ. ಮಾರನೆಯ ದಿನದಿಂದ ಒಂದು ವಾರ ಮಳೆ ಬಿಡಲಿಲ್ಲ. ಕಡಿದ ಬಾಯಿಯಲ್ಲಿ ನೀರು ನಿಂತು ಒಳಗಿನ ತಿರುಳು ಕಪ್ಪಾಯಿತು. ದೀಪಾವಳಿಯ ಹೊತ್ತಿಗೆ ಆ ಬೊಡ್ಡೆಯನ್ನು ಬೆರಳಿನಿಂದ ಒತ್ತಿದರೆ ನೆನೆದ ರಟ್ಟಿನಂತೆ ಕುಸಿಯುತ್ತಿತ್ತು. ಒಂದು ಚಿಗುರೂ ಬರಲಿಲ್ಲ. ತಾಯಿ ಏನೂ ಅನ್ನಲಿಲ್ಲ, ಆದರೆ ದಾಸವಾಳದ ಮಾತೆತ್ತಿದರೆ ಈಗಲೂ ಮುಖ ತಿರುಗಿಸುತ್ತಾರೆ.

ಬಲ್ಲವರು ದಯವಿಟ್ಟು ತಿಳಿಸಬೇಕು. ಇಷ್ಟು ಹಳೆಯ ಬೋಳು ಕಾಂಡದಲ್ಲಿ ಕೆಳಗಿನಿಂದ ಚಿಗುರು ಬರುವುದು ಸಾಧ್ಯವೇ? ಎಷ್ಟು ಎತ್ತರಕ್ಕೆ, ಯಾವ ತಿಂಗಳಿನಲ್ಲಿ ಕತ್ತರಿಸಬೇಕು? ಒಂದೇ ಸಲಕ್ಕೆ ಕತ್ತರಿಸಬಹುದೇ? ದಾಸವಾಳಕ್ಕೆ ಬುಡದಲ್ಲಿ ಎರಡು ಕಾಂಡಗಳಿದ್ದು, ಒಂದು ಮಣಿಕಟ್ಟಿನಷ್ಟು ದಪ್ಪ, ಇನ್ನೊಂದು ಹೆಬ್ಬೆರಳಿನಷ್ಟು ದಪ್ಪ ಇವೆ. ಕರಿಬೇವಿಗೆ ಒಂದೇ ಕಾಂಡ.

ಉತ್ತರ 1: ಮೂಡಿಗೆರೆ ಕಡೆಯ ಬೆಳೆಗಾರ

ಮಾನ್ಯರೇ, ನಿಮ್ಮ ನುಗ್ಗೆ ಸತ್ತದ್ದು ಕತ್ತರಿಸಿದ್ದರಿಂದಲ್ಲ, ಆಗಸ್ಟ್ ತಿಂಗಳಿನಲ್ಲಿ ಕತ್ತರಿಸಿದ್ದರಿಂದ. ನುಗ್ಗೆಯ ಮರ ಮೆತ್ತಗಿನದು, ಸ್ಪಂಜಿನಂತೆ ನೀರು ಕುಡಿಯುತ್ತದೆ. ಗಾಯ ಒಣಗುವುದಕ್ಕೆ ಬಿಸಿಲು ಸಿಗದಿದ್ದರೆ ಕೊಳೆಯುತ್ತದೆ. ಅದೇ ಮರವನ್ನು ಕಾಯಿ ಮುಗಿದ ಮೇಲೆ, ಒಣ ಹವೆಯಲ್ಲಿ, ಓರೆಯಾಗಿ ಕಡಿದಿದ್ದರೆ ಹತ್ತು ಕಡೆ ಚಿಗುರುತ್ತಿತ್ತು. ಆದ್ದರಿಂದ ಆ ಭಯವನ್ನು ದಾಸವಾಳದ ಮೇಲೆ ಹೊರಿಸುವುದು ಬೇಡ.

ಕಾಫಿ ತೋಟದವರಿಗೆ ಈ ಕೆಲಸ ದಿನನಿತ್ಯದ್ದು. ನಮ್ಮಲ್ಲಿ ಕಸಿ ಎಂದರೆ ಗಿಡ ಸವರುವುದೇ ಹೊರತು ಎರಡು ಗಿಡ ಕೂಡಿಸುವುದಲ್ಲ. ಬಯಲುಸೀಮೆಯ ನೆಂಟರು ಬಂದಾಗಲೆಲ್ಲ ಈ ಪದದಿಂದ ಗೊಂದಲವಾಗುತ್ತದೆ. ಅರೇಬಿಕಾವನ್ನು ಹಾಗೆಯೇ ಬಿಟ್ಟರೆ ಹದಿನೈದು ಅಡಿಗೂ ಮೀರಿ ಹೋಗುತ್ತದೆ, ರೊಬಸ್ಟಾ ಅದಕ್ಕಿಂತಲೂ ಎತ್ತರಕ್ಕೆ ಹೋಗುತ್ತದೆ. ಹಣ್ಣು ಕೊಯ್ಯುವ ಹೆಂಗಸರ ಕೈಗೆ ಎಟುಕಬೇಕೆಂದು ಅರೇಬಿಕಾವನ್ನು ಸಾಮಾನ್ಯವಾಗಿ ಎರಡೂವರೆ ಅಡಿಯಲ್ಲಿ ಮೊದಲ ಸಲ ಟಾಪಿಂಗ್, ಅಂದರೆ ನೆತ್ತಿ ಕತ್ತರಿಸುವ ಕೆಲಸ, ಮಾಡುತ್ತೇವೆ. ಕೆಲವು ವರ್ಷಗಳ ಮೇಲೆ ನೆಟ್ಟಗೆ ಏಳುವ ಒಂದು ಕಂಬಚಿಗುರನ್ನು ಮೇಲಕ್ಕೆ ಬಿಟ್ಟು, ಐದಡಿಯ ಆಸುಪಾಸಿನಲ್ಲಿ ಎರಡನೆಯ ಅಂತಸ್ತು ಕೊಡುತ್ತೇವೆ. ರೊಬಸ್ಟಾಕ್ಕೆ ಮೂರೂವರೆಯಿಂದ ನಾಲ್ಕಡಿ. ವಯಸ್ಸಾಗಿ ಬುಡ ಬೋಳಾದ ಗಿಡವನ್ನು ನೆಲದಿಂದ ಒಂದಡಿ ಮೇಲೆ ಕತ್ತರಿಸಿ ಹೊಸ ಗಿಡವನ್ನಾಗಿ ಮಾಡುವುದೂ ಉಂಟು. ಐವತ್ತು ವರ್ಷದ ಬೊಡ್ಡೆಯಿಂದ ಹಸಿರು ಮೊಳಕೆ ಒಡೆಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅದಕ್ಕೆ ಹೋಲಿಸಿದರೆ ಹದಿನೈದು ವರ್ಷದ ದಾಸವಾಳ ಇನ್ನೂ ಹುಡುಗ. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಅಡಿಯಲ್ಲಿ ಹಸಿರಿದ್ದರೆ ಆ ಜಾಗದಲ್ಲಿ ಜೀವವಿದೆ. ಹಳೆಯ ಎಲೆ ಉದುರಿದ ಗುರುತಿರುವ ಪ್ರತಿ ಗೆಣ್ಣಿನಲ್ಲಿಯೂ ಮಲಗಿದ ಕಣ್ಣುಗಳು, ಅಂದರೆ ಒಡೆಯದ ಮೊಗ್ಗುಗಳು, ಇರುತ್ತವೆ.

ದಾಸವಾಳಕ್ಕೆ ಎರಡು ಕಾಂಡಗಳಿರುವುದು ನಿಮ್ಮ ಅದೃಷ್ಟ. ದಪ್ಪ ಕಾಂಡವನ್ನು ಈಗ ಕತ್ತರಿಸಿ, ತೆಳು ಕಾಂಡವನ್ನು ಉಳಿಸಿಕೊಳ್ಳಿ. ಎಲೆಯಿರುವ ಆ ಒಂದು ಕಾಂಡ ಬೇರಿಗೆ ಊಟ ಹಾಕುತ್ತಿರುತ್ತದೆ. ಪೂಜೆಗೂ ನಾಲ್ಕು ಹೂ ಸಿಗುತ್ತದೆ. ಆದರೆ ಅದನ್ನು ನೆಟ್ಟಗೆ ಬಿಟ್ಟರೆ ಎಲ್ಲ ಕಸುವನ್ನೂ ಅದೇ ಎಳೆದುಕೊಂಡು, ಕತ್ತರಿಸಿದ ಕಡೆ ಚಿಗುರು ಸೊರಗುತ್ತದೆ. ಆದ್ದರಿಂದ ಅದನ್ನು ಬಾಗಿಸಿ. ಹೆಬ್ಬೆರಳು ದಪ್ಪದ ದಾಸವಾಳದ ಕಾಂಡ ಬಾಗುತ್ತದೆ, ಆದರೆ ಒಂದೇ ದಿನದಲ್ಲಿ ಅಲ್ಲ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಕಾಂಡಕ್ಕೆ ಸುತ್ತಿ, ಅದರ ಮೇಲೆ ತೆಂಗಿನ ಹಗ್ಗ ಕಟ್ಟಿ, ನೆಲದಲ್ಲಿ ಗೂಟ ಹೊಡೆದು, ನಾಲ್ಕು ದಿನಕ್ಕೊಮ್ಮೆ ಒಂದೊಂದು ಗೇಣು ಎಳೆದು ಬಿಗಿಯುತ್ತಾ ಬನ್ನಿ. ಟ್ಯೂಬಿಲ್ಲದೆ ಹಗ್ಗವನ್ನೇ ಕಟ್ಟಿದರೆ ತೊಗಟೆ ಕುಯ್ದುಹೋಗುತ್ತದೆ. ಕಾಂಡ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿದ ಮೇಲೆ, ಅದರ ಬೆನ್ನಿನುದ್ದಕ್ಕೂ ಕಣ್ಣುಗಳು ಒಡೆಯತೊಡಗುತ್ತವೆ. ಕತ್ತರಿ ಮುಟ್ಟಿಸದೆಯೇ ಹನ್ನೆರಡಡಿಯ ಕಾಂಡ ಹೀಗೆ ಮೂರಡಿಯ ಬೇಲಿಯಾಗುತ್ತದೆ.

ದಪ್ಪ ಕಾಂಡವನ್ನು ನೆಲದಿಂದ ಎರಡೂವರೆ ಅಥವಾ ಮೂರಡಿಯಲ್ಲಿ ಕತ್ತರಿಸಿ. ಮಚ್ಚು ಬೇಡ, ಅದು ತೊಗಟೆಯನ್ನು ಸೀಳುತ್ತದೆ, ಗರಗಸವೇ ಬೇಕು. ಮೊದಲು ಒಂದಡಿ ಮೇಲೆ ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿಕೊಳ್ಳಿ, ಅನಂತರ ಉಳಿದ ತುಂಡನ್ನು ನಿಮಗೆ ಬೇಕಾದ ಗೆಣ್ಣಿನ ಅರ್ಧ ಅಂಗುಲ ಮೇಲೆ ಓರೆಯಾಗಿ ಕೊಯ್ಯಿರಿ. ಈ ಕ್ರಮ ತಪ್ಪಿಸಿದರೆ ಬೀಳುವ ಕಾಂಡದ ಭಾರಕ್ಕೆ ತೊಗಟೆ ಬುಡದವರೆಗೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಮನೆಗೆ ಬೇಕಾದಷ್ಟು ಮಾಡಿಕೊಳ್ಳಲು 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ಎರಡೇ ಗಿಡಕ್ಕೆ ಇಷ್ಟೆಲ್ಲ ಬೇಡವೆನಿಸಿದರೆ ಅಂಗಡಿಯಲ್ಲಿ ಸಿಗುವ ತಾಮ್ರದ ಶಿಲೀಂಧ್ರನಾಶಕವನ್ನು ಗಟ್ಟಿಯಾಗಿ ಕಲಸಿ ಬಳಿದರೂ ನಡೆಯುತ್ತದೆ.

ಇನ್ನು ಕಾಲ. ಸಂಕ್ರಾಂತಿ ಕಳೆದು ಮಾಗಿಯ ಚಳಿ ಇಳಿಯತೊಡಗುವಾಗ, ಅಂದರೆ ಫೆಬ್ರವರಿ ನಡುವಿನಿಂದ ಮಾರ್ಚ್ ಮೊದಲ ವಾರದೊಳಗೆ ಕತ್ತರಿಸಿ. ಗಾಯ ಒಣಗಲು ಒಣ ಹವೆ ಇರುತ್ತದೆ, ಏಪ್ರಿಲ್‌ ತಿಂಗಳಿನ ಗುಡುಗು ಮಳೆ ಬೀಳುವ ಹೊತ್ತಿಗೆ ಕಣ್ಣುಗಳು ಒಡೆದಿರುತ್ತವೆ. ಇದುವರೆಗೆ ನೆರಳಿನಲ್ಲಿದ್ದ ಕಾಂಡಕ್ಕೆ ಮಾರ್ಚ್ ಬಿಸಿಲು ನೇರವಾಗಿ ಬಿದ್ದರೆ ತೊಗಟೆ ಸುಟ್ಟು ಬಿರಿಯುತ್ತದೆ, ಆದ್ದರಿಂದ ಪಡುವಣ ಕಡೆಗೆ ತೆಳುವಾಗಿ ಸುಣ್ಣ ಬಳಿಯಿರಿ. ನೀರನ್ನು ಹೆಚ್ಚಿಸಬೇಡಿ, ಎಲೆಯೇ ಇಲ್ಲದ ಗಿಡಕ್ಕೆ ಎಂದಿನಷ್ಟು ನೀರು ಸುರಿದರೆ ಬೇರು ಉಸಿರುಗಟ್ಟುತ್ತದೆ.

ಇಷ್ಟು ಹೇಳಿದ ಮೇಲೆ ಮುಖ್ಯ ಮಾತು ಇನ್ನೂ ಉಳಿದಿದೆ. ಕತ್ತರಿಸುವುದು ಅರ್ಧ ಗಂಟೆಯ ಕೆಲಸ, ಗಿಡ ಪೊದೆಯಾಗುವುದು ಅದರ ನಂತರದ ಮೂರು ತಿಂಗಳಿನಲ್ಲಿ. ಕತ್ತರಿಸಿದ ಬಾಯಿಯ ಸುತ್ತ ಹತ್ತು, ಹನ್ನೆರಡು ಚಿಗುರುಗಳು ಒಟ್ಟಿಗೆ ಏಳುತ್ತವೆ. ಎಲ್ಲವನ್ನೂ ಬಿಟ್ಟರೆ ಪೊರಕೆಯಂತಾಗಿ, ಒಂದನ್ನೊಂದು ತಳ್ಳುತ್ತಾ ಮತ್ತೆ ಹನ್ನೆರಡಡಿಗೆ ಓಡುತ್ತವೆ; ಎರಡು ವರ್ಷದಲ್ಲಿ ನೀವು ಇದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೀರಿ. ಚಿಗುರು ಗೇಣುದ್ದ ಆದಾಗ ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಎತ್ತರದಲ್ಲಿ ಇರುವ ನಾಲ್ಕೈದನ್ನು ಉಳಿಸಿ ಮಿಕ್ಕವನ್ನು ಕೈಯಿಂದಲೇ ಮುರಿದು ತೆಗೆಯಿರಿ. ಕತ್ತರಿಸಿದರೆ ಬುಡದಲ್ಲಿ ಕಣ್ಣು ಉಳಿದು ಮತ್ತೆ ಚಿಗುರುತ್ತದೆ, ಹಸಿಯಾಗಿರುವಾಗ ಮುರಿದರೆ ಬುಡಸಹಿತ ಬರುತ್ತದೆ. ಉಳಿಸಿದ ಚಿಗುರು ಒಂದಡಿ ಆದಾಗ ಅದರ ಕುಡಿಯನ್ನು ಎರಡು ಎಲೆಯಷ್ಟು ಚಿವುಟಿ. ಅಲ್ಲಿಂದ ಬರುವ ಮರಿಚಿಗುರು ಒಂದಡಿ ಆದಾಗ ಅದನ್ನೂ ಚಿವುಟಿ. ನಾಲ್ಕು ಎಂಟಾಗಿ, ಎಂಟು ಹದಿನಾರಾಗುವುದು ಹೀಗೆ. ಆ ಎಳೆ ಚಿಗುರಿಗೆ ಹಿಟ್ಟು ತಿಗಣೆ ಖಂಡಿತ ಬರುತ್ತದೆ, ಇರುವೆಗಳು ಸಾಲಾಗಿ ಹತ್ತುತ್ತಿದ್ದರೆ ಎಲೆಯಡಿ ತಿರುಗಿಸಿ ನೋಡಿ.

ಉತ್ತರ 2: ಚಿಕ್ಕಮಗಳೂರು, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ

ಮೇಲಿನವರು ಹೇಳಿದ್ದೆಲ್ಲವೂ ಸರಿ. ತುದಿ ಚಿವುಟಿದರೆ ಪಕ್ಕದ ಕಣ್ಣು ಏಕೆ ಒಡೆಯುತ್ತದೆ ಎಂಬುದನ್ನಷ್ಟೇ ಸೇರಿಸುತ್ತೇನೆ; ಕಾರಣ ತಿಳಿದರೆ ಎಲ್ಲಿ ಕತ್ತರಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಬೆಳೆಯುವ ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕಾಂಡದಲ್ಲಿ ಕೆಳಮುಖವಾಗಿ ಹರಿಯುತ್ತದೆ. ಅದು ಹರಿಯುತ್ತಿರುವಷ್ಟು ಕಾಲ ಕೆಳಗಿನ ಎಲೆಕಂಕುಳಿನ ಮೊಗ್ಗುಗಳು ಮಲಗಿರುತ್ತವೆ. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ದ್ವಿದಳ ಧಾನ್ಯದ ಗಿಡದ ಕುಡಿ ಕತ್ತರಿಸಿ, ಆ ಜಾಗದಲ್ಲಿ ಆಕ್ಸಿನ್ ಇಟ್ಟು ನೋಡಿದರು. ಕುಡಿಯಿಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ಬೇರಿನಿಂದ ಮೇಲೇರುವ ಸೈಟೋಕೈನಿನ್ ಮೊಗ್ಗನ್ನು ಎಬ್ಬಿಸುವ ಕಡೆಗೆ ಒತ್ತುತ್ತದೆ; ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನು ಮೊಗ್ಗನ್ನು ಅದುಮಿಡುತ್ತದೆಂದು 2008ರಲ್ಲಿ ತಿಳಿಯಿತು. ಇನ್ನೂ ಈಚೆಗೆ ಬಟಾಣಿ ಗಿಡದ ಪ್ರಯೋಗಗಳಿಂದ ಗೊತ್ತಾಗಿರುವುದೇನೆಂದರೆ, ಕುಡಿ ಹೋದ ಕೂಡಲೇ ಅದಕ್ಕೆ ಹೋಗುತ್ತಿದ್ದ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ತಿರುಗುತ್ತದೆ, ಅದೇ ಅವನ್ನು ಎಬ್ಬಿಸುವ ಮೊದಲ ಗಂಟೆ. ಬೆಳೆಗಾರರು ಹೇಳಿದಂತೆ ಎಲೆಯಿರುವ ಒಂದು ಕಾಂಡವನ್ನು ಉಳಿಸಿಕೊಳ್ಳುವುದರ ಪ್ರಯೋಜನ ಇದರಿಂದ ಸ್ಪಷ್ಟವಾಗುತ್ತದೆ: ಸಕ್ಕರೆ ಬರುವುದು ಎಲೆಯಿಂದ.

ಆದರೆ ಎಲ್ಲ ಗಿಡಗಳೂ ಈ ನಿಯಮಕ್ಕೆ ಬಗ್ಗುವುದಿಲ್ಲ. ತೆಂಗು, ಅಡಿಕೆಗಳಿಗೆ ಇರುವುದು ಒಂದೇ ಸುಳಿ. ಅದನ್ನು ಕತ್ತರಿಸಿದರೆ ಮರ ಸತ್ತಿತು ಎಂದೇ ಲೆಕ್ಕ. ಪಪಾಯದ ತುದಿ ಕತ್ತರಿಸಿದರೆ ಕವಲು ಬರುತ್ತದೆ, ಆದರೆ ಕಾಂಡ ಟೊಳ್ಳಾದ್ದರಿಂದ ಮಳೆನೀರು ಒಳಗಿಳಿದು ಕೊಳೆಯುವ ಸಂಭವ ಹೆಚ್ಚು. ಮನೆಯ ಮುಂದೆ ಕ್ರಿಸ್ಮಸ್ ಮರವೆಂದು ನೆಡುವ ಅರಾಕೇರಿಯಾದ ಪಕ್ಕದ ಕೊಂಬೆಯನ್ನು ನೆಟ್ಟರೆ ಅದು ಎಂದೂ ನೆಟ್ಟಗೆ ನಿಲ್ಲುವ ಮರವಾಗುವುದಿಲ್ಲ, ಅಡ್ಡಕ್ಕೇ ಹರಡುತ್ತದೆ. ಕಾಫಿಯಲ್ಲಿಯೂ ಹಾಗೆಯೇ. ಕಂಬಚಿಗುರು ಮತ್ತು ಅಡ್ಡ ರೆಕ್ಕೆ (ಅಡ್ಡಕ್ಕೆ ಚಾಚುವ ಕೊಂಬೆ) ಎರಡು ಬೇರೆ ಸ್ವಭಾವದವು, ಕಾಂಡದ ಒಂದು ಗೆಣ್ಣಿನ ಒಂದು ಬದಿಯಲ್ಲಿ ಅಡ್ಡ ರೆಕ್ಕೆ ಒಮ್ಮೆ ಮಾತ್ರ ಹುಟ್ಟುತ್ತದೆ, ಅದು ಮುರಿದರೆ ಅಲ್ಲಿಂದ ಮುಂದೆ ಬರುವುದೆಲ್ಲ ಕಂಬಚಿಗುರೇ. ದಾಸವಾಳ, ಕರಿಬೇವುಗಳಲ್ಲಿ ಈ ಭೇದವಿಲ್ಲದಿರುವುದರಿಂದ ನೀವು ನಿಶ್ಚಿಂತೆಯಿಂದ ಇರಬಹುದು.

ಕತ್ತರಿಸುವ ತಿಂಗಳನ್ನು ನಿರ್ಧರಿಸುವ ಮೊದಲು ಆ ಗಿಡ ಹೂ ಬಿಡುವುದು ಹೊಸ ಚಿಗುರಿನಲ್ಲೋ ಬಲಿತ ಕೊಂಬೆಯಲ್ಲೋ ಎಂದು ನೋಡಬೇಕು. ದಾಸವಾಳ, ಗುಲಾಬಿ, ಸೀಬೆ ಇವು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ. ಆದ್ದರಿಂದ ಸವರಿದಷ್ಟೂ ಲಾಭ. ಮಾವು ಹಾಗಲ್ಲ, ಬಲಿತ ಕೊಂಬೆಯ ತುದಿಯಲ್ಲಿ ಹೂ ಬಿಡುತ್ತದೆ. ಕಾರ್ತಿಕದಲ್ಲಿ ಸವರಿದರೆ ಆ ವರ್ಷದ ಫಸಲು ಹೋದಂತೆಯೇ. ಕಾಯಿ ಇಳಿದ ಬೆನ್ನಿಗೇ ಆ ಕೆಲಸ ಮುಗಿಯಬೇಕು.

ಉತ್ತರ 3: ಸಕಲೇಶಪುರದ ಗೃಹಿಣಿ

ಕರಿಬೇವಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಗಿಡ ಎತ್ತರಕ್ಕೆ ಹೋಗಲು ನಿಮ್ಮ ಅಡುಗೆಮನೆಯೇ ಕಾರಣವಿರಬಹುದು, ಅಮ್ಮ ಬೇಸರ ಮಾಡಿಕೊಳ್ಳಬಾರದು. ಒಗ್ಗರಣೆಗೆ ಬೇಕಾದಾಗಲೆಲ್ಲ ಕೈಗೆಟುಕುವ ಕೆಳಗಿನ ಗರಿಗಳನ್ನು ಮಾತ್ರ ಕಿತ್ತುಕೊಳ್ಳುತ್ತಾ ಹೋದರೆ ಕೆಳಗೆ ಬೋಳಾಗುತ್ತದೆ, ಮೇಲಿನ ಕುಡಿ ನಿರಾತಂಕವಾಗಿ ಏರುತ್ತದೆ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಒಂದು ಮಾಗಿಯಲ್ಲಿ ಮೂರಡಿಗೆ ಕತ್ತರಿಸಿದೆವು. ಏಪ್ರಿಲ್ ಹೊತ್ತಿಗೆ ಐದಾರು ಕವಲು ಬಂದವು. ಅಂದಿನಿಂದ ಗರಿ ಕೀಳುವುದನ್ನು ಬಿಟ್ಟು, ಕವಲಿನ ಕುಡಿಯನ್ನೇ ಒಂದು ಗೇಣು ಕತ್ತರಿಸಿಕೊಳ್ಳುತ್ತೇನೆ. ಸಾರಿಗೆ ಎಂಟು ಎಲೆ ಸಾಕಾದರೂ ಒಂದು ಕುಡಿಯನ್ನೇ ಕತ್ತರಿಸಿ, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತೇನೆ. ಕತ್ತರಿಸಿದ ಪ್ರತಿ ಕುಡಿಯ ಕೆಳಗೆ ಎರಡು ಬರುತ್ತವೆ. ಈಗ ಗಿಡ ನನ್ನ ಭುಜದ ಎತ್ತರಕ್ಕಿದೆ, ಅಗಲ ಮಾತ್ರ ಎರಡು ಕೈ ಚಾಚಿದಷ್ಟು. ಹೂಗೊಂಚಲು ಬಂದರೆ ಅದನ್ನೂ ಚಿವುಟಿಬಿಡಿ, ಕಾಯಿ ಕಟ್ಟಿದರೆ ಎಲೆ ಕಡಿಮೆಯಾಗುತ್ತದೆ. ಬುಡದ ಸುತ್ತ ಅಗೆಯುವಾಗ ಬೇರು ಕಡಿದರೆ ಅಲ್ಲಲ್ಲಿ ಮರಿಗಳು ಏಳುತ್ತವೆ. ಅವು ತಾಯಿಯ ಕಸುವನ್ನು ತಿನ್ನುತ್ತವೆ, ಕಿತ್ತು ಬೇರೆಯವರಿಗೆ ಕೊಟ್ಟುಬಿಡಿ.

ಎಳೆಯ ಚಿಗುರಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು ಬಿಳಿ ಹುಳುಗಳು ಇದ್ದರೆ ಅವು ಚಿಟ್ಟೆಯ ಮರಿಗಳು. ನಾಲ್ಕು ದಿನದಲ್ಲಿ ಒಂದು ಕವಲನ್ನೇ ಬೋಳು ಮಾಡುತ್ತವೆ. ಮದ್ದು ಹೊಡೆದರೆ ಮನೆಯವರೇ ತಿನ್ನಬೇಕಲ್ಲ, ಬೆಳಿಗ್ಗೆ ಕೈಯಿಂದ ಆರಿಸುತ್ತೇನೆ.

ಪ್ರಶ್ನಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಸಕಲೇಶಪುರದವರು ಬರೆದದ್ದನ್ನು ತಾಯಿಗೆ ಓದಿ ಹೇಳಿದಾಗ ಮೊದಲು ಒಪ್ಪಲಿಲ್ಲ, ಆಮೇಲೆ ತಾವೇ ಹೋಗಿ ಕರಿಬೇವಿನ ಕಾಂಡವನ್ನು ನೋಡಿಕೊಂಡು ಬಂದು ನಕ್ಕರು.

ಒಂದು ಸಂಗತಿಯನ್ನು ನಾನು ಪ್ರಶ್ನೆಯಲ್ಲಿ ಬರೆದಿರಲಿಲ್ಲ, ಅದು ಮುಖ್ಯವೋ ಅಲ್ಲವೋ ತಿಳಿಯದು. ಹಿತ್ತಲಿನ ದಕ್ಷಿಣಕ್ಕೆ ನಮ್ಮ ಐದಡಿಯ ಕಾಂಪೌಂಡ್ ಗೋಡೆಯಿದೆ. ಅದರಾಚೆ ಆರು ವರ್ಷಗಳ ಹಿಂದೆ ಪಕ್ಕದವರು ಎರಡಂತಸ್ತಿನ ಮನೆ ಕಟ್ಟಿದರು. ಈ ಚಳಿಗಾಲದಲ್ಲಿ ಗಡಿಯಾರ ಹಿಡಿದು ನೋಡಿದೆ. ದಾಸವಾಳದ ತುದಿಗೆ ಹತ್ತೂವರೆಯಿಂದ ಒಂದು ಗಂಟೆಯವರೆಗೆ ಬಿಸಿಲು ಬೀಳುತ್ತದೆ, ಮೂರಡಿಯ ಮಟ್ಟಕ್ಕೆ ಏನೂ ಬೀಳುವುದಿಲ್ಲ. ಕರಿಬೇವು ಹಿತ್ತಲಿನ ಇನ್ನೊಂದು ಕೊನೆಯಲ್ಲಿರುವುದರಿಂದ ಅದಕ್ಕೆ ಬೆಳಗಿನ ಬಿಸಿಲು ಬುಡದವರೆಗೂ ಬರುತ್ತದೆ.

ಮೂಡಿಗೆರೆ ಕಡೆಯ ಬೆಳೆಗಾರ

ಮುಖ್ಯವೇ ಹೌದು, ಕೇಳದೆ ಬರೆದದ್ದು ನನ್ನ ತಪ್ಪು. ತೋಟದಲ್ಲಿ ನಾವು ಕಾಫಿ ಗಿಡ ಬಳುಕುತ್ತಾ ಎತ್ತರಕ್ಕೆ ಹೋಗುತ್ತಿದೆ ಎಂದು ಕಂಡರೆ ಮೊದಲು ತಲೆಯೆತ್ತಿ ಮೇಲಿನ ಮರವನ್ನು ನೋಡುತ್ತೇವೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ತಪ್ಪಿ ನೆರಳು ದಟ್ಟವಾಗಿದ್ದರೆ ಎಷ್ಟು ಸಲ ಟಾಪಿಂಗ್ ಮಾಡಿದರೂ ಗಿಡ ಬೆಳಕಿನ ಕಡೆಗೆ ಕಂಬಚಿಗುರು ಕಳಿಸುತ್ತಲೇ ಇರುತ್ತದೆ. ನಿಮ್ಮ ದಾಸವಾಳ ಹನ್ನೆರಡಡಿಗೆ ಹೋದದ್ದು ಹಟದಿಂದಲ್ಲ, ಬಿಸಿಲು ಅಲ್ಲಿದೆ ಎಂದು. ಅದನ್ನು ಮೂರಡಿಗೆ ಕತ್ತರಿಸಿ ಗೋಡೆಯ ನೆರಳಿಗೆ ಇಳಿಸಿದರೆ ಚಿಗುರೇನೋ ಬರುತ್ತದೆ, ಆದರೆ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಎಲೆ ತೆಳುವಾಗಿ, ಹೂವಿಲ್ಲದೆ, ಗೋಡೆ ದಾಟುವವರೆಗೆ ಓಡುತ್ತದೆ. ಪಕ್ಕದ ಮನೆಗೆ ಮರಗಸಿ ಮಾಡಿಸಲಾಗುವುದಿಲ್ಲವಲ್ಲ.

ಆದ್ದರಿಂದ ಸಲಹೆಯನ್ನು ತಿದ್ದುತ್ತೇನೆ. ಕರಿಬೇವನ್ನು ಮೂರಡಿಗೆ ಕತ್ತರಿಸಿ, ಅದಕ್ಕೆ ಅಡ್ಡಿಯಿಲ್ಲ. ಒಂದೇ ಕಾಂಡವಾದ್ದರಿಂದ ಮೂರಡಿಗಿಂತ ಕೆಳಗೆ ಒಂದಾದರೂ ಎಲೆಯಿರುವ ಸಣ್ಣ ಕವಲಿದ್ದರೆ ಅದನ್ನು ಮುಟ್ಟದೆ ಬಿಡಿ. ದಾಸವಾಳದ ದಪ್ಪ ಕಾಂಡವನ್ನು ನಾಲ್ಕಡಿಗೆ ಕತ್ತರಿಸಿ, ಹೊಸ ಚಿಗುರಿನ ನೆತ್ತಿ ಆರಡಿಯಲ್ಲಿ ನಿಲ್ಲುವಂತೆ ಚಿವುಟುತ್ತಾ ಬನ್ನಿ. ಮಾರ್ಚ್ ನಂತರ ಸೂರ್ಯ ನೆತ್ತಿಗೆ ಬರುವುದರಿಂದ ಆ ಎತ್ತರಕ್ಕೆ ಬಿಸಿಲು ಸಿಗುತ್ತದೆ. ತೆಳು ಕಾಂಡವನ್ನು ನೆಲಮಟ್ಟಕ್ಕೆ ಮಲಗಿಸುವುದು ಬೇಡ, ಗೋಡೆಯ ಅಂಚಿನುದ್ದಕ್ಕೆ, ಐದಡಿಯ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿ. ಸಾಧ್ಯವಾದರೆ ಹಿತ್ತಲಿನ ಉತ್ತರಕ್ಕಿರುವ ನಿಮ್ಮ ಮನೆಯ ಗೋಡೆಗೆ ಬಿಳಿ ಸುಣ್ಣ ಹೊಡೆಸಿ. ಅಲ್ಲಿಂದ ಚೆಲ್ಲುವ ಬೆಳಕೂ ಗಿಡಕ್ಕೆ ಬೆಳಕೇ.

ಹೂವಿನ ವಿಷಯಕ್ಕೆ ಬೇರೆ ದಾರಿಯಿದೆ. ಕತ್ತರಿಸಿ ಉರುಳಿಸಿದ ಕಾಂಡದ ತುದಿಯನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ತೀರ ಎಳೆಯದಲ್ಲದ ಕಡ್ಡಿಗಳನ್ನು ಒಂದು ಗೇಣಿನಷ್ಟು ಕತ್ತರಿಸಿ, ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿ, ಮಿಕ್ಕವನ್ನು ತೆಗೆದು, ಮರಳು ಮತ್ತು ಕೆಮ್ಮಣ್ಣು ತುಂಬಿದ ಪಾಕೆಟ್‌ಗಳಲ್ಲಿ ಎರಡು ಗೆಣ್ಣು ಮುಳುಗುವಂತೆ ನೆಡಿ. ಹತ್ತು ನೆಟ್ಟರೆ ಆರಾದರೂ ಬದುಕುತ್ತವೆ. ಮುಂಗಾರು ಹಿಡಿದ ಮೇಲೆ ಒಂದನ್ನು ಮನೆಯ ಮುಂದೆ, ಬಿಸಿಲಿರುವ ಕಡೆ ನೆಟ್ಟು, ಒಂದಡಿ ಎತ್ತರವಾದ ದಿನವೇ ಅದರ ಕುಡಿ ಚಿವುಟಿ. ಒಂದಡಿಯಲ್ಲಿ ಉಗುರಿನಿಂದ ಆಗುವ ಕೆಲಸಕ್ಕೆ ಹನ್ನೆರಡಡಿಯಲ್ಲಿ ಗರಗಸ ಬೇಕಾಗುತ್ತದೆ.

ನಿವೃತ್ತ ಅಧ್ಯಾಪಕ

ಒಂದು ಚಿಕ್ಕ ಸೇರ್ಪಡೆ. ಗೋಡೆಯ ನೆರಳು ಬೇರೆ, ಮರದ ನೆರಳು ಬೇರೆ. ಎಲೆಗಳು ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು ಅತಿಕೆಂಪು ಭಾಗವನ್ನು ಕೆಳಕ್ಕೆ ಬಿಡುತ್ತವೆ. ಕೆಳಗಿನ ಗಿಡ ಈ ವ್ಯತ್ಯಾಸವನ್ನು ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ಮೂಲಕ ಗುರುತಿಸಿ, ಪಕ್ಕದಲ್ಲಿ ಪೈಪೋಟಿಯಿದೆ ಎಂದು ತಿಳಿದು, ಕವಲೊಡೆಯುವುದನ್ನು ನಿಲ್ಲಿಸಿ ಉದ್ದವಾಗುತ್ತದೆ. ಗೋಡೆ ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ಅದರ ಬಣ್ಣವನ್ನು ಅಷ್ಟಾಗಿ ಬದಲಿಸುವುದಿಲ್ಲ. ಆದ್ದರಿಂದ ಸುಣ್ಣ ಬಳಿದ ಗೋಡೆಯಿಂದ ನಿಮ್ಮ ಗಿಡಕ್ಕೆ ಅನುಕೂಲವಾದೀತು. ಮರದಡಿಯ ಗಿಡಕ್ಕಾದರೆ ಕೊಂಬೆಯನ್ನೇ ತೆಗೆಸಬೇಕಾಗುತ್ತಿತ್ತು.

ಪ್ರಶ್ನಿಸಿದವರು (ಮೇ ತಿಂಗಳಿನಲ್ಲಿ)

ಫೆಬ್ರವರಿ ಕೊನೆಯ ವಾರ ಎರಡನ್ನೂ ಕತ್ತರಿಸಿದೆವು. ಇಪ್ಪತ್ತಮೂರು ದಿನ ಏನೂ ಕಾಣಲಿಲ್ಲ. ತಾಯಿ ಪ್ರತಿದಿನ ಬೆಳಿಗ್ಗೆ ಕಾಂಡವನ್ನು ಉಗುರಿನಿಂದ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದರು. ಕೊನೆಗೆ ನಾನೇ ಬೇಡವೆಂದು ತಡೆದೆ. ಇಪ್ಪತ್ತನಾಲ್ಕನೆಯ ದಿನ ದಾಸವಾಳದ ತೊಗಟೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಬೊಕ್ಕೆಗಳು ಎದ್ದವು. ಈಗ ಕತ್ತರಿಸಿದ ಕಾಂಡದಲ್ಲಿ ಹನ್ನೊಂದು ಚಿಗುರುಗಳಿವೆ, ಅವುಗಳಲ್ಲಿ ಏಳು ಬಾಯಿಯ ಹತ್ತಿರ ಗುಂಪಾಗಿವೆ, ನಾಲ್ಕು ಕೆಳಗೆ ಬೇರೆ ಬೇರೆ ಕಡೆ ಇವೆ. ಕರಿಬೇವಿಗೆ ಆರು ಕವಲುಗಳು ಬಂದಿವೆ. ಕಡ್ಡಿಗಳಲ್ಲಿ ಏಳು ಚಿಗುರಿವೆ. ಗೋಡೆಯುದ್ದಕ್ಕೆ ಕಟ್ಟಿದ ತೆಳು ಕಾಂಡದಲ್ಲಿ ಮೊನ್ನೆಯಿಂದ ಹೂ ಬಿಡುತ್ತಿದೆ. ದೋಟಿಯನ್ನು ತಾಯಿ ಅಟ್ಟಕ್ಕೆ ಹಾಕಿಸಿದ್ದಾರೆ. ಹನ್ನೊಂದು ಚಿಗುರಿನಲ್ಲಿ ಯಾವುದನ್ನು ಉಳಿಸಲಿ? ತೆಗೆಯಲು ಮನಸ್ಸು ಬರುತ್ತಿಲ್ಲ.

ಮೂಡಿಗೆರೆ ಕಡೆಯ ಬೆಳೆಗಾರ

ಕೆಳಗಿನ ನಾಲ್ಕನ್ನು ಮುಟ್ಟಬೇಡಿ, ನಿಮ್ಮ ಪೊದೆ ಅವೇ. ಬಾಯಿಯ ಹತ್ತಿರದ ಏಳರಲ್ಲಿ ಹೊರಮುಖವಾಗಿರುವ ಒಂದನ್ನು ಉಳಿಸಿ ಆರನ್ನು ಇವತ್ತೇ ಮುರಿಯಿರಿ; ಮುಂಗಾರು ಶುರುವಾದ ಮೇಲೆ ಮುರಿದರೆ ಗಾಯ ಹಸಿಯಾಗಿಯೇ ಉಳಿಯುತ್ತದೆ. ಉಳಿದ ಐದೂ ಒಂದಡಿ ದಾಟಿದ್ದರೆ ಕುಡಿ ಚಿವುಟಿ, ಬುಡಕ್ಕೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಕೊಡಿ. ತೆಳು ಕಾಂಡದ ಕಟ್ಟನ್ನು ಬಿಚ್ಚಿ ಒಂದು ಅಂಗುಲ ಪಕ್ಕಕ್ಕೆ ಸರಿಸಿ ಮತ್ತೆ ಕಟ್ಟಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಟ್ಯೂಬು ಒಳಗೆ ಕಚ್ಚಿಕೊಳ್ಳುತ್ತದೆ. ಮನಸ್ಸು ಬರದಿದ್ದರೆ ಮುರಿಯುವ ಕೆಲಸವನ್ನು ನಿಮ್ಮ ತಾಯಿಯವರಿಗೇ ವಹಿಸಿ.